ಪಟ್ಟಿಯ ಮೊದಲ ಹೆಸರು

ಕೃಷ್ಣಮೂರ್ತಿಪುರಂನ ಕನ್ನಡ ಮೇಷ್ಟ್ರು ಚೆಲುವರಾಜು, ಹಳ್ಳಿಗಳನ್ನು ಸುತ್ತಿ ಜನಪದ ಹಾಡು ಸಂಗ್ರಹಿಸಲೆಂದು ಸತತ ಮೂರು ವರ್ಷ ಸಂಶೋಧನಾ ಧನಸಹಾಯಕ್ಕೆ ಅರ್ಜಿ ಹಾಕಿದರು. ಸಿಗಲಿಲ್ಲ. ೧೯೫೮ರಲ್ಲಿ ಅದು ಅವರದೇ ಶಾಲೆಯ ಕಿರಿಯ ಮೇಷ್ಟ್ರು ಇನ್ನಾಸಪ್ಪನಿಗೆ ಮೊದಲ ಅರ್ಜಿಗೇ ಸಿಕ್ಕಿಬಿಟ್ಟಿತು.

"ಯಾರದೋ ಶಿಫಾರಸು ಕಣ್ರೀ," ಎಂದು ಚೆಲುವರಾಜು ಕಂಡಕಂಡವರಿಗೆಲ್ಲ ಹೇಳಿದರು. ಹೊಟ್ಟೆಯುರಿ ಆರಲಿಲ್ಲ. ತಪ್ಪು ಹುಡುಕಲೆಂದೇ ಶಾಲೆಯ ಕಡತದಿಂದ ಅವನ ಅರ್ಜಿಯ ನಕಲು ತೆಗೆಸಿ ಓದಿದರು. ಹಾಡುಗಾರರ ಪಟ್ಟಿಯಲ್ಲಿ ಮೊದಲ ಹೆಸರು ದೇವಿರಮ್ಮ. ಚೆಲುವರಾಜುವಿನ ತಾಯಿ!

ಮನೆಗೆ ಬಂದವರೇ ಕಿರುಚಿದರು: "ಅವ್ವಾ, ಅವನಿಗ್ಯಾಕೆ ಹಾಡ್ದೆ?"

ದೇವಿರಮ್ಮ ರಾಗಿ ಬೀಸುವುದನ್ನು ನಿಲ್ಲಿಸಲಿಲ್ಲ. "ಅವ್ನು ನಿನ್ನ ನೋಡಕ್ಕೆ ಬಂದು ಕಾಯ್ತಾ ಕೂತಿದ್ದಾಗ, ನನ್ನ ಬೀಸೋ ಪದ ಕೇಳಿ, ಇನ್ನೊಂದು ಹೇಳವ್ವ ಅಂದ ಕಣಪ್ಪ. ನೀನು, ಅರ್ಜಿ ಬರೀತಿವ್ನಿ, ಬಾಯ್ಮುಚ್ಕೊಂಡು ಬೀಸು ಅಂತಿದ್ದೆ."