ಮಳೆಗಾಲದ ದಾರಿ

ನನಗೆ ಸರಾಗವಾಗಿ ಓದಲು ಬರುವುದು ಬಸ್ಸಿನ ಬೋರ್ಡು ಒಂದೇ. ಕೆ.ಆರ್. ನಗರ, ಹುಣಸೂರು, ಎಚ್.ಡಿ. ಕೋಟೆ, ಇಷ್ಟು ಗುರುತು ಸಿಕ್ಕಿದರೆ ನನ್ನ ಪ್ರಪಂಚ ಮುಗಿಯಿತು. ಉಳಿದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುವುದೂ ಹಾಗೆಯೇ. ಇಂಥವಳಿಗೆ ಫೋನಿನ ವಿಚಾರ ಯಾಕೆ ಎಂದು ನೀವು ಕೇಳಬಹುದು. ಫೋನಿನ ಮಾತು ಕೇಳದೆ ಕೆಟ್ಟವಳು ನಾನು. ಅಷ್ಟೇ ನನ್ನ ಯೋಗ್ಯತೆ.

ಮೊಮ್ಮಗಳು ಶಿಲ್ಪಳ ಫೋನಿನಲ್ಲಿ ಪ್ರಯಾಣಕ್ಕೆಂದೇ ನಾಲ್ಕೈದು ಆ್ಯಪುಗಳಿವೆ. ಒಂದು ಬಸ್ಸಿನ ಹೊತ್ತು ಹೇಳುತ್ತದೆ. ಒಂದು ಮಳೆ ಬರುತ್ತದೋ ಇಲ್ಲವೋ ಹೇಳುತ್ತದೆ. ಅದು ಮಳೆಗೆ ಮೊದಲೇ ನೋಯುವ ನನ್ನ ಮೊಣಕಾಲಿಗಿಂತ ಹೆಚ್ಚು ಸಲ ತಪ್ಪುತ್ತದೆ. ಊಟ ಎಲ್ಲಿ ಚೆನ್ನಾಗಿದೆ ಎಂದು ಹೇಳುವುದು ಇನ್ನೊಂದು. ಉಂಡವರು ಹೋಟೆಲಿಗೆ ನಕ್ಷತ್ರ ಕೊಡುತ್ತಾರಂತೆ. ಎಲ್ಲಕ್ಕಿಂತ ದೊಡ್ಡದು ದಾರಿ ತೋರಿಸುವ ಮ್ಯಾಪು. ಅದರೊಳಗೆ ಒಬ್ಬ ಹೆಂಗಸು ಕೂತು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎನ್ನುತ್ತಾಳೆ. ನಾವು ತಪ್ಪಿದರೂ ಬೈಯುವುದಿಲ್ಲ. ಅಂಥ ಹೆಂಗಸನ್ನು ನಮ್ಮೂರು ಮಿರ್ಲೆಯಲ್ಲಿ ನಾನು ಕಂಡಿಲ್ಲ.

ನಮ್ಮ ಕಾಲದಲ್ಲಿ ದಾರಿ ಎನ್ನುವುದು ಜನರ ಬಾಯಲ್ಲಿತ್ತು. ಕಟ್ಟೆಯ ಮೇಲೆ ಕೂತವನನ್ನು ಕೇಳಿದರೆ ಗದ್ದ ಎತ್ತಿ ತೋರಿಸಿ, ಇಲ್ಲೇ ಒಂದು ಕೂಗಳತೆ ಎನ್ನುತ್ತಿದ್ದ. ಯಾರ ಕೂಗು ಎಂದು ಹೇಳುತ್ತಿರಲಿಲ್ಲ. ಎರಡು ಮೈಲಿ ನಡೆದ ಮೇಲೆ ಸಿಕ್ಕ ಇನ್ನೊಬ್ಬನೂ ಕೂಗಳತೆಯೇ ಎನ್ನುತ್ತಿದ್ದ. ಹೇಗೋ ತಲುಪುತ್ತಿದ್ದೆವು.

ನನ್ನ ತಂಗಿ ನಿಂಗಮ್ಮನನ್ನು ಕೊಟ್ಟದ್ದು ಎನ್. ಬೇಗೂರಿನ ಕಡೆ, ಅಣೆಕಟ್ಟಿನ ಹಿನ್ನೀರಿನ ಅಂಚಿನ ಒಂದು ಹಳ್ಳಿಗೆ. ಐವತ್ತು ವರ್ಷ ನಾನು ಅಲ್ಲಿಗೆ ಹೋದದ್ದು ಯುಗಾದಿ ಕಳೆದ ಮೇಲೆಯೇ. ಆಗ ನಮ್ಮ ಗದ್ದೆಯಲ್ಲಿ ಕೆಲಸ ಇರುವುದಿಲ್ಲ. ಮಳೆಗಾಲದಲ್ಲಿ ನಾಟಿ ಬಿಟ್ಟು ಯಾವ ಹೆಂಗಸು ನೆಂಟಸ್ತಿಕೆಗೆ ಹೋಗುತ್ತಾಳೆ? ಹೊರಡುವಾಗಲೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು: "ಮಳೇಲಿ ಒಂದ್ಸಲ ಬಾರಕ್ಕ. ನೀರು ಹಿತ್ಲುತಂಕ ಬಂದಿರ್ತದೆ, ನೋಡೀವಂತೆ."

"ನಾಟಿಗೆ ನಿನ್ ಗಂಡ ಬತ್ತಾನೇನೆ?" ಎಂದು ನಾನು ಬಸ್ಸು ಹತ್ತುತ್ತಿದ್ದೆ.

ಹೋದ ವರ್ಷ ನಾಟಿಯ ನಡುವೆ, ಒಂದು ಬೆಳಿಗ್ಗೆ, ನಿಂಗಮ್ಮ ಹೋದಳೆಂದು ಅವಳ ಮಗಳು ಸುಧಾ ಫೋನು ಮಾಡಿದಳು. ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸದೆ ಎತ್ತುವುದಿಲ್ಲ. ನಮಗೆ ಅಣ್ಣತಮ್ಮಂದಿರಿಲ್ಲ, ಹೆತ್ತವರು ಯಾವತ್ತೋ ಹೋದರು. ತವರು ಎಂದರೆ ನಾನೇ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು, ಅದಕ್ಕೂ ಮೊದಲು ಸೀರೆ ಅಲ್ಲಿರಬೇಕು.

ಕಾರು ಬಾಡಿಗೆಗೆ ಸಿಗುವ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಕೆ.ಆರ್. ನಗರದಲ್ಲಿ ಹಸಿರು ಸೀರೆ ಕೊಂಡು ಮಡಿಲಲ್ಲಿ ಇಟ್ಟುಕೊಂಡೆ. ಮಗ ಸಿದ್ದರಾಜು ಕಾರು ಓಡಿಸುತ್ತಿದ್ದ, ಶಿಲ್ಪ ಅವನ ಪಕ್ಕ ಫೋನು ಹಿಡಿದಿದ್ದಳು. ನಾವು ಎಲ್ಲಿದ್ದೇವೆ ಎಂದು ಸುಧಾಳ ಫೋನಿನಲ್ಲಿ ಕಾಣುವ ಹಾಗೆ ಏನನ್ನೋ ಕಳಿಸಿದ್ದಳು. ನಾವು ಅಲ್ಲಿ ಒಂದು ಚುಕ್ಕೆಯಂತೆ. ಹುಣಸೂರು ದಾಟಿ, ಕೋಟೆ ದಾಟಿ, ಒಂದು ಕವಲಿನಲ್ಲಿ ಮ್ಯಾಪಿನ ಹೆಂಗಸು ಬಲಕ್ಕೆ ಎಂದಳು. ನಾನು ಎಡಕ್ಕೆ ಎಂದೆ.

"ಅಜ್ಜಿ, ಸುತ್ಕಂಡು ಹೋಗಿ ಅಂತದೆ ಮ್ಯಾಪು," ಎಂದಳು ಶಿಲ್ಪ.

"ಅದೇನ್ ನನ್ ತಂಗಿ ಮನೇಲಿ ಒಂದಿನ ಉಂಡದಾ? ನಾನು ಐವತ್ತು ವರ್ಸ ಓಡಾಡಿರೋಳು ಕಣೆ."

ಸಿದ್ದರಾಜು ಎಡಕ್ಕೆ ತಿರುಗಿಸಿದ. ಅವನದು ತಪ್ಪಲ್ಲ, ಅವ್ವನ ಮಾತು ಮೀರಿ ಅವನಿಗೆ ಅಭ್ಯಾಸವಿಲ್ಲ. ದಾರಿಯುದ್ದಕ್ಕೂ ನನ್ನ ಗುರುತಿನ ಮರಗಳೆಲ್ಲ ಸಿಕ್ಕಿದವು. ಕೊನೆಯ ಇಳಿಜಾರು ಇಳಿದೆವು. ಅಲ್ಲಿ ದಾರಿ ನೇರ ನೀರಿನೊಳಕ್ಕೆ ಹೋಗಿತ್ತು.

ಮಳೆಗಾಲದಲ್ಲಿ ನೀರು ಏರುತ್ತದೆ ಎಂದು ಕೇಳಿದ್ದೆ. ದಾರಿಯನ್ನೇ ನುಂಗುತ್ತದೆ ಎಂದು ಕಂಡಿರಲಿಲ್ಲ. ನಾನು ಬರುತ್ತಿದ್ದುದು ನೀರು ಬತ್ತಿದ ಮೇಲೆ ಮೇಲೆದ್ದ ದಾರಿಯಲ್ಲಿ. ಆಚೆ ದಡದಲ್ಲಿ ತಂಗಿಯ ಊರಿನ ಹೆಂಚುಗಳು ಕಾಣುತ್ತಿದ್ದವು. ನಿಜವಾಗಿ ಒಂದು ಕೂಗಳತೆ. ಹಿಂದಕ್ಕೆ ಹೋಗಿ ಸುತ್ತಿ ಬರಲು ಒಂದೂವರೆ ಗಂಟೆ ಎಂದು ಫೋನು ಹೇಳಿತು. ಹೊತ್ತು ಆಗಲೇ ಇಳಿದಿತ್ತು. ಶಿಲ್ಪ ಫೋನು ತಿರುಗಿಸಿ ಸಿದ್ದರಾಜುವಿಗೆ ಸುತ್ತಿನ ದಾರಿ ತೋರಿಸಿದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಸುಧಾಳ ಫೋನು ಬಂತು. ಹೆಣದ ಪಕ್ಕ ಕೂತು ಅವಳು ನಮ್ಮ ಚುಕ್ಕೆ ನೋಡುತ್ತಲೇ ಇದ್ದಳಂತೆ. ಅದು ನೀರಿನ ಅಂಚಿಗೆ ಬಂದು ನಿಂತದ್ದನ್ನು ಕಂಡಿದ್ದಾಳೆ. "ದೊಡ್ಡವ್ವ, ಅಲ್ಲೇ ನಿಂತ್ಕಳಿ. ತೆಪ್ಪ ಕಳುಸ್ತಾವ್ನಿ."

ಮೀನು ಹಿಡಿಯುವವನ ತೆಪ್ಪ ಬಂತು. ಸಿದ್ದರಾಜು ಕಾರು ತಿರುಗಿಸಿಕೊಂಡು ಸುತ್ತಿನ ದಾರಿ ಹಿಡಿದ. ನಾನೂ ಶಿಲ್ಪಳೂ ತೆಪ್ಪದಲ್ಲಿ ಕೂತೆವು. "ಬ್ಯಾಸ್ಗೆ ದಾರೀಲಿ ಬಂದ್ಬುಟ್ರಲ್ಲವ್ವ," ಎಂದ ತೆಪ್ಪದವನು, ಹುಟ್ಟು ಹಾಕುತ್ತ. ಅವನು ನಗಲಿಲ್ಲ. ನಾನು ಹೇಳಿದ ದಾರಿ ಸುಳ್ಳೇನಲ್ಲ, ನಮ್ಮ ಕೆಳಗೇ ಇತ್ತು. ನೀರು ಅವಳ ಹಿತ್ತಿಲ ತನಕ ಬಂದಿತ್ತು, ಅವಳು ಹೇಳುತ್ತಿದ್ದ ಹಾಗೆಯೇ. ತೆಪ್ಪ ಬಚ್ಚಲ ಕಲ್ಲಿನ ಹತ್ತಿರ ನಿಂತಿತು. ಸೀರೆ ಹೊದಿಸಿದೆ. ಎತ್ತಿದರು. ಹೊತ್ತು ಮುಳುಗಲು ಇನ್ನೂ ಒಂದು ಮಾರು ಇತ್ತು.

ಮರುದಿನ ಊರಿಗೆ ಬರುವಾಗ ಫೋನು ಟಿಣ್ ಎಂದಿತು. ನೀವು ಹೋಗಿದ್ದ ಜಾಗ ಹೇಗಿತ್ತು, ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳುತ್ತಿತ್ತಂತೆ. ಶಿಲ್ಪ ಬೆರಳಿನಿಂದ ಒರೆಸಿಹಾಕಿದಳು. ಕೊಡುವುದಿದ್ದರೆ ತೆಪ್ಪದವನಿಗೆ ಕೊಡು ಎಂದೆ. ಅವನು ಫೋನಿನಲ್ಲಿ ಇಲ್ಲವಂತೆ.

ಈಗ ನಾನು ಎಲ್ಲಿಗೆ ಹೊರಟರೂ ಆ ಹೆಂಗಸು ಹೇಳಿದ ಕಡೆಗೇ ತಿರುಗುತ್ತೇನೆ. ನನ್ನ ಬಾಯಿಯ ಮೇಲಿನ ನಂಬಿಕೆ ಹೋಗಿದೆ, ಸುಮ್ಮನೆ ಎಲೆಅಡಿಕೆ ಜಗಿಯುತ್ತೇನೆ. ನಿಂಗಮ್ಮನ ವರ್ಷದ ಎಡೆ ಬಂತು. ಅವಳು ಸತ್ತದ್ದು ಮಳೆಯಲ್ಲಿ. ಎಡೆಯೂ ಪ್ರತಿ ವರ್ಷ ಮಳೆಯಲ್ಲೇ ಬೀಳುತ್ತದೆ. ನಾನು ಇರುವಷ್ಟು ದಿನ ಇನ್ನು ಮಳೆಗಾಲದಲ್ಲೇ ಹೋಗಬೇಕು. ನಮ್ಮ ನಾಟಿ ನೋಡಿಕೊಳ್ಳುತ್ತೀಯಾ ಎಂದು ಪಕ್ಕದ ಮನೆಯವಳನ್ನು ಕೇಳಿದೆ. ಅದಕ್ಕೇನು, ಹೋಗಿ ಬನ್ನಿ ಎಂದಳು. ಇಷ್ಟೇ ಇದ್ದದ್ದು. ಐವತ್ತು ವರ್ಷ ಕೇಳಿರಲಿಲ್ಲ.