ಕುರುಡು ಕತ್ತೆ ಮನೆಯವರು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲೊಂದು ಕತ್ತೆ ಇತ್ತು ಎಂದರೆ ನೀವು ನಗುತ್ತೀರಿ. ನಗಿ ಮಕ್ಕಳೇ, ಪರವಾಗಿಲ್ಲ. ಆಗ ಹನುಮಂತನಗರದ ನಮ್ಮ ಬೀದಿಯೆಲ್ಲ ನಕ್ಕಿತ್ತು. ಅದಕ್ಕೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಾದ ಮೇಲೆ ಇನ್ನೂ ಜೋರಾಗಿ ನಕ್ಕಿತ್ತು.

ನಾವಿದ್ದದ್ದು ವಠಾರದಲ್ಲಿ. ಒಂದೇ ಅಂಗಳದ ಸುತ್ತ ಸಾಲಾಗಿ ಪುಟ್ಟ ಪುಟ್ಟ ಬಾಡಿಗೆ ಮನೆಗಳು, ನಡುವೆ ಎಲ್ಲರಿಗೂ ಸೇರಿದ ಒಂದು ಬಾವಿ. ಅಪ್ಪ ಕಚೇರಿಯಲ್ಲಿ ಗುಮಾಸ್ತರು. ಯಾರು ಗದರಿದರೂ "ಆಗ್ಲಿ ಸ್ವಾಮಿ" ಎಂದು ತಲೆ ತಗ್ಗಿಸುವ ಮನುಷ್ಯ. ಅಕ್ಕ ಹಾಗಲ್ಲ. ಹೈಸ್ಕೂಲು ಓದುತ್ತಿದ್ದ ಅವಳು "ಯಾಕೆ?" ಎಂದು ಕೇಳದೆ ಯಾವ ಮಾತನ್ನೂ ಒಪ್ಪಿದವಳಲ್ಲ.

ಒಂದು ಸಂಜೆ ಅಕ್ಕ ಶಾಲೆಯಿಂದ ಬರುವಾಗ ರಸ್ತೆಯ ಅಂಚಿನಲ್ಲಿ ಲಾರಿಗೆ ಸಿಕ್ಕಿ ಸತ್ತ ಕತ್ತೆಯೊಂದನ್ನು ಕಂಡಳು. ಪಕ್ಕದಲ್ಲಿ ಅದರ ಮರಿ ನಿಂತಿತ್ತಂತೆ. ವಾಹನ ಬಂದರೂ ಸರಿಯದು, ಜನ ಕೂಗಿದರೂ ಓಡದು. ಹತ್ತಿರ ಹೋಗಿ ನೋಡಿದರೆ ಕಣ್ಣಿನ ಗುಡ್ಡೆಗಳು ಹಾಲು ಹನಿಸಿದ ಹಾಗೆ ಬೆಳ್ಳಗಿದ್ದವು. ಅಕ್ಕ ತನ್ನ ದಾವಣಿಯನ್ನೇ ಅದರ ಕೊರಳಿಗೆ ಸುತ್ತಿ ಮನೆಗೆ ಕರೆತಂದಳು. ಅಮ್ಮ ಬಯ್ಯುತ್ತಲೇ ಹಾಲು ಕಾಯಿಸಿದರು. ಒಲೆಯ ಬೂದಿಯ ಬಣ್ಣವಿತ್ತು ಅದಕ್ಕೆ. ಬೂದಿ ಎಂದೇ ಹೆಸರಿಟ್ಟೆವು.

ಬೂದಿಯನ್ನು ಸಾಕುವುದು ಬೇರೆ ಪ್ರಾಣಿಯನ್ನು ಸಾಕಿದಂತಲ್ಲ. ಹಠಾತ್ತಾಗಿ ಮುಟ್ಟಿದರೆ ಬೆಚ್ಚಿ ಒದೆಯುತ್ತಿತ್ತು. ಹಾಗಾಗಿ ನಾವು ದೂರದಿಂದಲೇ "ಬಂದೆ ಬೂದಿ, ಬಂದೆ" ಎಂದು ಹೇಳಿಕೊಂಡು ಹತ್ತಿರ ಹೋಗಬೇಕಿತ್ತು. ನೀರಿನ ಬಾನಿಯನ್ನು ಒಂದು ಗೇಣೂ ಸರಿಸುವಂತಿರಲಿಲ್ಲ. ಜಗುಲಿಯ ಚೂಪು ಮೂಲೆಗಳಿಗೆ ಗೋಣಿತಾಟು ಕಟ್ಟಿದೆವು. ಅದರ ಕಿವಿಗಳು ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗುತ್ತಿದ್ದವು. ಸೌತೆಕಾಯಿ ಹೆಚ್ಚುವ ಸದ್ದು ಕೇಳಿದರಂತೂ ಎರಡೂ ನಮ್ಮ ಅಡಿಗೆಮನೆಯ ಕಡೆಗೇ.

ಬಾವಿಯದೇ ದೊಡ್ಡ ಭಯ. ಅದರ ಕಟ್ಟೆ ನನ್ನ ಮೊಣಕಾಲಿನಷ್ಟೂ ಎತ್ತರವಿರಲಿಲ್ಲ. ಹತ್ತಿರದಲ್ಲಿ ಯಾರೋ ಮನೆ ಕಟ್ಟಿ ಮುಗಿಸಿದ್ದರು. ಅಲ್ಲಿ ಉಳಿದ ಜಲ್ಲಿಕಲ್ಲನ್ನು ಕೇಳಿ ತಂದು, ನಾನೂ ಅಕ್ಕನೂ ಬಾವಿಯ ಸುತ್ತ ಅಗಲವಾದ ಪಟ್ಟಿಯಂತೆ ಹರಡಿದೆವು. ಬೂದಿಯ ಕಾಲಿಗೆ ಜಲ್ಲಿ ತಾಗಿದ ಕೂಡಲೇ ಅಕ್ಕ "ನಿಲ್ಲು" ಎನ್ನುವಳು. ನಿಂತರೆ ನನ್ನ ಕೈಯಿಂದ ಒಂದು ಚೂರು ಬೆಲ್ಲ. ದಿನವೂ ಇದೇ ಪಾಠ. ಜಲ್ಲಿ ಹರಡಿ ಹರಡಿ ನಮ್ಮ ಉಗುರುಗಳೆಲ್ಲ ಕಿತ್ತುಹೋಗಿದ್ದವು, ಬೂದಿ ಮಾತ್ರ ಬೆಲ್ಲ ತಿಂದು ದುಂಡಗಾಗಿತ್ತು.

ಒಂದು ಭಾನುವಾರ ವಠಾರದ ಮಾಲೀಕರು ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಛತ್ರಿ. ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಅಪ್ಪನನ್ನು ಕರೆದರು.

"ಏನ್ರೀ ಇದು? ಕಣ್ಣಿಲ್ಲದ ಕತ್ತೆ ಬಾವಿಗೆ ಬಿದ್ರೆ ಇಷ್ಟು ಜನ ಕುಡಿಯೋ ನೀರು ಏನಾಗ್ಬೇಕು? ಸಂಜೆಯೊಳಗೆ ಎಲ್ಲಾದ್ರೂ ಬಿಟ್ಬನ್ನಿ."

ಅಪ್ಪ "ಆಗ್ಲಿ..." ಎಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮುಂದೆ ಬಂದಳು.

"ಬೀಳಲ್ಲ. ಬೇಕಿದ್ರೆ ನೋಡಿ."

ಬಾಗಿಲುಗಳಲ್ಲೆಲ್ಲ ಜನ ನಿಂತರು. ಅಕ್ಕ ಬೂದಿಯ ಹಗ್ಗ ಬಿಚ್ಚಿ ಬಾವಿಯ ಈಚೆ ಬಿಟ್ಟಳು, ನನ್ನನ್ನು ಆಚೆ ನಿಲ್ಲಿಸಿದಳು. "ಕರಿ" ಎಂದಳು. ಕರೆದೆ. ನನ್ನ ದನಿ ಕೇಳಿದ್ದೇ ತಡ, ಬೂದಿ ಸೀದಾ ಬಾವಿಯ ಕಡೆಗೇ ಹೆಜ್ಜೆ ಹಾಕಿತು. ಹಿಂದೆ ಯಾರೋ "ಅಯ್ಯೋ ರಾಮ" ಎಂದರು. ಅದನ್ನು ಹಿಡಿಯಲು ಅಮ್ಮ ಓಡಿಬಂದರೆ, ಅಕ್ಕ ಅಡ್ಡ ಕೈ ಚಾಚಿ ತಡೆದಳು. ಮುಂಗಾಲು ಜಲ್ಲಿಗೆ ತಾಗಿ ಕರಕರ ಎಂದಿತು. ಬೂದಿ ನಿಂತಿತು. ಮೂತಿ ತಗ್ಗಿಸಿ ಮೂಸಿತು. ಆಮೇಲೆ ಆ ಪಟ್ಟಿಯ ಅಂಚು ಹಿಡಿದು ಬಾವಿಯನ್ನು ಬಳಸಿಕೊಂಡು ಬಂದು ನನ್ನ ಹೊಟ್ಟೆಗೆ ತಲೆ ಒತ್ತಿ ಬೆಲ್ಲ ಹುಡುಕಿತು.

ಕೆಲವರು ಚಪ್ಪಾಳೆ ತಟ್ಟಿದರು. ಮಾಲೀಕರ ಮುಖ ಮಾತ್ರ ಗಂಟಿಕ್ಕಿತ್ತು.

"ಸರ್ಕಸ್ ಸಾಕು. ಬಾವಿ ಮಾತು ಬಿಡಿ. ಕುರುಡು ಪ್ರಾಣಿ ಬಾಗಿಲಲ್ಲಿದ್ರೆ ಮನೆಗೆ ಆಗಿಬರಲ್ಲ. ಅಷ್ಟೇ."

ಆಗ ಅಪ್ಪ ಮಾತಾಡಿದರು. ದನಿ ಏರಿಸಲಿಲ್ಲ, ಆದರೆ ತಲೆಯನ್ನೂ ತಗ್ಗಿಸಲಿಲ್ಲ.

"ಕೊನೇ ಕಾಲಕ್ಕೆ ನಮ್ಮಮ್ಮನಿಗೂ ಕಣ್ಣು ಕಾಣ್ತಿರ್ಲಿಲ್ಲ ಸ್ವಾಮಿ. ಇದೇ ಬಾಗಿಲಲ್ಲೇ ಕೂತಿರ್ತಿದ್ರು. ಅವರನ್ನ ಎಲ್ಲಿ ಬಿಟ್ಟು ಬರ್ಬೇಕಿತ್ತು?"

ಮಾಲೀಕರು ಛತ್ರಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. "ಅದು ಬೇರೆ, ಇದು ಬೇರೆ. ಕತ್ತೆ ಹೋಗ್ಬೇಕು."

"ಹಾಗಾದ್ರೆ ನಾವೂ ಹೋಗ್ತೀವಿ" ಎಂದರು ಅಪ್ಪ.

ಅಮ್ಮ ಬೆರಗಾಗಿ ಅಪ್ಪನನ್ನೇ ನೋಡುತ್ತಾ ನಿಂತರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಿ, ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸತೊಡಗಿದರು. ಅಪ್ಪನ ಸ್ನೇಹಿತರೊಬ್ಬರಿಗೆ ಬನಶಂಕರಿಯ ಕಡೆ, ಹೊಲಗಳ ನಡುವೆ, ತಗಡಿನ ಮಾಡಿನ ಒಂದು ಖಾಲಿ ಮನೆಯಿತ್ತು. ಮಧ್ಯಾಹ್ನವೇ ನಮ್ಮ ಸಾಮಾನು ಎತ್ತಿನ ಗಾಡಿ ಏರಿತು.

ಆ ನಡಿಗೆ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಮುಂದೆ ಗಾಡಿ, ಅದರ ಹಿಂದೆ ಅಪ್ಪ, ಅಮ್ಮ. ಕೊನೆಗೆ ಬೂದಿಯ ಕಿವಿಗೆ ಕೇಳುವಂತೆ ಮಾತಾಡುತ್ತಾ ಅಕ್ಕ. ನಾನು ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡೇ ನಡೆದೆ. ಬಿಸಿಲಿಗೆ ಅದರ ರೋಮ ಬೆಚ್ಚಗಿತ್ತು. ಬಸ್ಸು ಬಂದಾಗಲೆಲ್ಲ ಚರ್ಮ ಸರ್ರನೆ ನಡುಗುತ್ತಿತ್ತು, ಆದರೂ ಅದು ನಿಲ್ಲಲಿಲ್ಲ. ಹೋಟೆಲಿನ ಮುಂದೆ ನಿಂತಿದ್ದ ಯಾರೋ, "ಏನ್ ಸಾರ್, ಕತ್ತೆ ಮೆರವಣಿಗೆನಾ?" ಎಂದು ಕೂಗಿದರು. ಅಪ್ಪ ತಿರುಗಿ, "ಹೂಂ, ನೀವೂ ಬನ್ನಿ" ಎಂದರು. ಅಪ್ಪನಿಗೆ ತಮಾಷೆ ಮಾಡಲು ಬರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು.

ಹೊಸ ಮನೆ ಸುಲಭವಾಗಿರಲಿಲ್ಲ. ಮಳೆ ಬಂದರೆ ಸೋರುತ್ತಿತ್ತು. ಅಪ್ಪ ಕಚೇರಿಗೆ ಬಲು ದೂರ ಸೈಕಲ್ ತುಳಿಯಬೇಕಿತ್ತು. ಬೂದಿ ಹೊಸ ಜಾಗಕ್ಕೆ ಹೊಂದಿಕೊಳ್ಳುವವರೆಗೆ ಗೋಡೆಗಳಿಗೆ ಹಾಯ್ದು ಮೂತಿ ತರಚಿಕೊಂಡಿತು. ಅಕ್ಕ ಅರಿಶಿನ ಹಚ್ಚಿ ಮೊದಲಿನಿಂದ ಪಾಠ ಶುರುಮಾಡಿದಳು. ಕ್ರಮೇಣ ಸುತ್ತಲಿನವರು ಕಾಲು ಮುರಿದ ನಾಯಿಯನ್ನೂ ರೆಕ್ಕೆ ಹೋದ ಹದ್ದನ್ನೂ ನಮ್ಮಲ್ಲಿಗೇ ತಂದು ಬಿಡತೊಡಗಿದರು. ನಮ್ಮನ್ನು "ಕುರುಡು ಕತ್ತೆ ಮನೆಯವರು" ಎಂದು ಆಡಿಕೊಳ್ಳುವವರೂ ಇದ್ದರು. ಯಾರಾದರೂ ಮನೆ ಎಲ್ಲಿ ಎಂದು ಕೇಳಿದರೆ ಅಕ್ಕ ತಾನೇ ಹೇಳುವಳು: "ಬನಶಂಕರೀಲಿ ಕುರುಡು ಕತ್ತೆ ಮನೆ ಅಂತ ಕೇಳಿ, ಯಾರಾದ್ರೂ ತೋರಿಸ್ತಾರೆ." ಬೂದಿ ನಮ್ಮಲ್ಲೇ ಬೆಳೆದು, ಮುದಿಯಾಗಿ, ಅಕ್ಕನ ಮದುವೆಯಾಗಿ ಎಷ್ಟೋ ಕಾಲದ ಮೇಲೆ ತೀರಿಕೊಂಡಿತು.

ಈಗ ಆ ಹೊಲಗಳಿಲ್ಲ, ಅಲ್ಲೆಲ್ಲ ಮನೆಗಳ ಮೇಲೆ ಮನೆಗಳು. ನೀವು ಜೆ.ಪಿ. ನಗರದ ಫ್ಲ್ಯಾಟಿನಲ್ಲಿ ಬೆಳೆಯುತ್ತಿದ್ದೀರಿ. ಸೊಂಟ ಮುರಿದ ನಿಮ್ಮ ಬನ್ನು ನಾಯಿಗೆ ಎಕ್ಸ್-ರೇ ತೆಗೆಯುವ ಡಾಕ್ಟರಿದ್ದಾರೆ, ಡೈಪರ್ ಇದೆ, ಹಿಂಗಾಲಿಗೆ ಕಟ್ಟುವ ಚಕ್ರದ ಗಾಡಿ ಫೋನಿನಲ್ಲಿ ಹೇಳಿದರೆ ಬಾಗಿಲಿಗೇ ಬರುತ್ತದೆ. ಇವು ಯಾವುವೂ ನಮಗಿರಲಿಲ್ಲ. "ಅದಕ್ಕೂ ಹಿಂಸೆ, ನಿಮಗೂ ಹಿಂಸೆ, ಸಾಯಿಸಿಬಿಡಿ" ಎನ್ನುವ ಮಾತು ಮಾತ್ರ ಹಾಗೇ ಇದೆ. ಬನ್ನು ಲಿಫ್ಟಿಗೆ ಬರಬಾರದು, ಚಕ್ರದಿಂದ ನೆಲ ಗೀರುತ್ತದೆ ಎಂದು ನಿಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಬರೆದಿದ್ದಾರಂತೆ. ಇವತ್ತು ಭಾನುವಾರ, ಅದಕ್ಕೇ ಮೀಟಿಂಗ್ ಅಂತೆ. ನೀವಿಬ್ಬರೂ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದನ್ನು ನಾನು ನೋಡಿದೆ.

ಏಳಿ. ಬನ್ನುವಿಗೆ ಗಾಡಿ ಕಟ್ಟಿ ಸಿದ್ಧಮಾಡಿ. ನಾನು ಒಳ್ಳೆಯ ಸೀರೆ ಉಟ್ಟುಕೊಂಡು ಬರುತ್ತೇನೆ. ಮೀಟಿಂಗಿಗೆ ನಾಲ್ವರೂ ಹೋಗೋಣ, ಲಿಫ್ಟಿನಲ್ಲೇ.