ಆಟಿ ಕಳೆದ ಮೇಲೆ ಚೆನ್ನೆಮಣೆ

ಮೊಮ್ಮಗಳು ಪ್ಲಸ್ ಟೂ ಎರಡನೇ ವರ್ಷಕ್ಕೆ ಬಂದಾಗ ಅಳಿಯ ಗಲ್ಫಿನಿಂದ ಲ್ಯಾಪ್‌ಟಾಪ್ ತಂದುಕೊಟ್ಟ. ಓದಲಿಕ್ಕೆ ಎಂದ. ನಾನು ನಂಬಲಿಲ್ಲ. ಓದುವವರು ಬಾಗಿಲು ಅರ್ಧ ಮುಚ್ಚುವುದಿಲ್ಲ, ಅಜ್ಜಿ ಒಳಗೆ ಬಂದ ಕೂಡಲೇ ಪರದೆ ಮಡಚುವುದೂ ಇಲ್ಲ. ಇವಳು ಯಾರ ಜೊತೆಗೋ ಸೇರಿದ್ದಾಳೆ ಎಂದು ಮಗಳಿಗೆ ಹೇಳಿದೆ. ಮಗಳು ನಕ್ಕಳು. ಅವಳೂ ಒಂದು ಕಾಲದಲ್ಲಿ ಹೀಗೆಯೇ ಬಾಗಿಲು ಮುಚ್ಚಿದವಳು, ಅವಳ ನಗುವನ್ನು ನಾನು ಲೆಕ್ಕಕ್ಕೆ ಇಡಲಿಲ್ಲ.

ಆಟಿ ತಿಂಗಳು ಬಂತು, ಎಂದಿನಂತೆ ಅಟ್ಟದಿಂದ ಚೆನ್ನೆಮಣೆ ಇಳಿಸಿದೆ. ಎರಡು ಸಾಲು ಗುಳಿ, ಗುಳಿಯಿಂದ ಗುಳಿಗೆ ಕೆಂಪು ಕಾಯಿ ಒಂದೊಂದಾಗಿ ಹಾಕುತ್ತಾ ಹೋಗುವ ಆಟ. ಮಳೆಗೆ ಹೊರಗೆ ಕೆಲಸವಿಲ್ಲದ ಆ ತಿಂಗಳಲ್ಲಿ ಮಾತ್ರ ಆಡುವುದು. ಆಟಿ ಕಳೆದ ಮೇಲೆ ಮನೆಯಲ್ಲಿ ಆ ಸದ್ದು ಕೇಳಬಾರದು, ಒಳ್ಳೆಯದಲ್ಲ. ಕರೆದರೂ ಬಾರದ ಹುಡುಗಿ ಆ ವರ್ಷ ತಾನಾಗಿಯೇ ಬಂದು ಕುಳಿತಳು. ನಾನು ಕಾಯಿ ಹಾಕುವಾಗ ನನ್ನ ಕೈಯ ಹತ್ತಿರ ಮೊಬೈಲ್ ಹಿಡಿಯುತ್ತಿದ್ದಳು. ಯಾಕೆಂದು ಕೇಳಿದರೆ ಸುಮ್ಮನೆ ಎನ್ನುತ್ತಿದ್ದಳು. ಮುದುಕಿಯ ಕೈಯ ಹತ್ತಿರ ಸುಮ್ಮನೆ ಯಾರೂ ಮೊಬೈಲ್ ಹಿಡಿಯುವುದಿಲ್ಲ.

ಆಟಿ ಕಳೆಯಿತು, ಮಣೆ ಒರೆಸಿ ಅಟ್ಟಕ್ಕೆ ಹಾಕಿದೆ. ಅದರ ಮರುತಿಂಗಳು, ಸೋಣದಲ್ಲಿ, ಒಂದು ದಿನ ತೆಂಗಿನಕಾಯಿ ಹೆರೆಯುತ್ತಿದ್ದಾಗ ಅವಳ ಕೋಣೆಯಿಂದ ಗುಳಿಗೆ ಚೆನ್ನೆಕಾಯಿ ಬೀಳುವ ಸದ್ದು. ಅಟ್ಟ ನೋಡಿದರೆ ಮಣೆ ಅಲ್ಲೇ ಇತ್ತು. ಕೋಣೆಗೆ ಹೋದರೆ ಲ್ಯಾಪ್‌ಟಾಪಿನ ಒಳಗೆ ನಮ್ಮ ಮಣೆ, ಮೂಲೆಯ ಒಡಕಿನ ಸಮೇತ. ಕಾಯಿಗಳು ತಾವೇ ಹಾರಿ ಗುಳಿಗೆ ಬೀಳುತ್ತಿದ್ದವು, ಮೊಬೈಲಿನಲ್ಲಿ ಹಿಡಿದಿಟ್ಟ ನನ್ನ ಕೈಯ ಸದ್ದಿನಲ್ಲಿ.

ಆಗ ಬಾಯಿ ಬಿಟ್ಟಳು. ಕಂಪ್ಯೂಟರ್ ಆಟ ಮಾಡಲು ಕಲಿಸುವ ಕಾಲೇಜೊಂದು ಮಂಗಳೂರಿನಲ್ಲಿದೆಯಂತೆ. ಸೀಟು ಬೇಕಾದರೆ ತಾನೇ ಮಾಡಿದ ಆಟವನ್ನು ಅವರ ಎದುರು ತೋರಿಸಬೇಕಂತೆ. ಆಟಕ್ಕೆ ಕಾಲೇಜೆಂದು ನಿನಗೆ ಯಾರು ಟೋಪಿ ಹಾಕಿದ್ದು ಎಂದು ಕೇಳಿದೆ.

“ಇದನ್ನು ಅಳಿಸು. ಆಟಿ ಕಳೆದ ಮೇಲೆ ಈ ಸದ್ದು ಬೇಡ.”

“ಇದು ಇಲ್ಲದಿದ್ದರೆ ನನಗೆ ಸೀಟೇ ಇಲ್ಲ ಅಜ್ಜಿ.”

“ಸೀಟು ಸಿಗದೆ ಯಾರೂ ಸತ್ತದ್ದಿಲ್ಲ ಮಾರಾಯ್ತಿ.”

ಕೆಲವು ದಿನ ಕಳೆದವು. ಆಮೇಲೆ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೇ ಬಂದಳು. ಆಟಕ್ಕೆ ಬೀಗ ಹಾಕಿದ್ದಾಳಂತೆ. ಒತ್ತಿ ನೋಡಿದೆ. ಕವುಚಿಟ್ಟ ಮಣೆ, ಅದರ ಕೆಳಗೆ ‘ಆಟಿ ಬರಲಿ’ ಎಂಬ ಅಕ್ಷರ. ಆಟಿಯಲ್ಲಿ ಮಾತ್ರ ತೆರೆಯುತ್ತದಂತೆ. ಬೀಗ ಮಾಡಿದವಳ ಹತ್ತಿರ ಕೀಲಿ ಇಲ್ಲದಿರುತ್ತದೆಯೇ? ಆದರೆ ಮನೆಯಲ್ಲಿ ಮತ್ತೆ ಸದ್ದು ಕೇಳಲಿಲ್ಲ. ಬಾಗಿಲ ಬಳಿ ನಿಂತು ಕಿವಿಗೊಟ್ಟೂ ನೋಡಿದ್ದೇನೆ. ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂರುತ್ತಿದ್ದಳು.

ಕಾಲೇಜಿನವರು ಕರೆದದ್ದು ಮುಂದಿನ ಬೇಶ ತಿಂಗಳ ಸೆಕೆಯಲ್ಲಿ. ಕುಂಬಳೆಯಿಂದ ಬಸ್ಸು ಹತ್ತಿ ನಾನೇ ಜೊತೆಗೆ ಹೋದೆ. ಆ ಕಾಲೇಜು ಇದೆಯೋ ಇಲ್ಲವೋ ನೋಡಬೇಕಿತ್ತು. ಇತ್ತು. ನನ್ನನ್ನೂ ಒಳಗೆ ಕೂರಿಸಿದರು. ಮೇಜಿನ ಆಚೆ ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಇವಳು ಆಟ ತೆರೆದರೆ ಕವುಚಿದ ಮಣೆ, ‘ಆಟಿ ಬರಲಿ’. ಬೀಗ ತೆಗೆದಿರಲಿಲ್ಲ. ಹಾಳಾಗಿದೆಯಾ ಎಂದು ಒಬ್ಬರು ಕೇಳಿದರು. ಇವಳು ನನ್ನ ಕಡೆ ತಿರುಗಿ ನೋಡಿದಳು.

“ಹಾಳಾದದ್ದೆಂತ ಇಲ್ಲ,” ಎಂದೆ ನಾನು. “ಈಗ ಬೇಶ. ಚೆನ್ನೆ ಆಡುವುದು ಆಟಿಯಲ್ಲಿ. ನಿಮಗೆ ಯಾರೂ ಹೇಳಿ ಕೊಡಲಿಲ್ಲವಾ?”

ಆ ಹೆಂಗಸು ನಕ್ಕು, ತನ್ನ ಅಜ್ಜಿಯದೂ ಇದೇ ಕಟ್ಟಳೆ ಎಂದಳು. ಆಟಿ ಅಲ್ಲವೆಂದು ಕಂಪ್ಯೂಟರಿಗೆ ಹೇಗೆ ಗೊತ್ತಾಯಿತು ಎಂದು ಇವಳನ್ನು ಕೇಳಿದಳು. ಇವಳು ಕುರ್ಚಿ ಮುಂದೆ ಎಳೆದುಕೊಂಡಳು. ಎಲ್ಲ ವಿವರಿಸಿ, ಅವರ ಎದುರೇ ತಾರೀಖು ಬದಲಿಸಿ ಕಂಪ್ಯೂಟರಿಗೆ ಆಟಿ ಎಂದು ಸುಳ್ಳು ಹೇಳಿದಳು. ಮಣೆ ಮಗುಚಿಕೊಂಡಿತು. ಮೂವರೂ ಮುಂದೆ ಬಾಗಿದರು. ನಾನು ಎದ್ದು ಹೊರಗೆ ಹೋಗಿ ಕುಳಿತೆ. ಬಾಗಿಲಾಚೆಗೂ ಸದ್ದು ಕೇಳುತ್ತಿತ್ತು. ಇರಲಿ, ಅದು ನಮ್ಮ ಮನೆಯಲ್ಲ.

ಸೀಟು ಕೊಟ್ಟರು. ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದೆ.

“ಬೀಗ ತೆಗೆಯಲಿಕ್ಕೆ ಮರೆತದ್ದಾ, ಬೇಕೆಂದೇ ಬಿಟ್ಟದ್ದಾ?”

“ಮರೆತದ್ದು ಅಜ್ಜಿ,” ಎಂದಳು, ಕಿಟಕಿಯ ಕಡೆ ಮುಖ ಮಾಡಿ.

ನಾನು ಈಗಲೂ ನಂಬಿಲ್ಲ. ಆಟಿ ಬಂದಾಗ ಮಣೆ ಇಳಿಸುವ ಮೊದಲು ಅವಳ ಮೊಬೈಲ್ ತೆಗೆದುಕೊಂಡು ಅಕ್ಕಿ ಡಬ್ಬಿಯ ಮೇಲೆ ಇಡುತ್ತೇನೆ.